ಶಿವಡಿಯ ರವಿವಾರಗಳು

ಸಯನ್, ಮುಂಬಯಿ
೨ ಡಿಸೆಂಬರ್ ೧೯೭೩

ಪ್ರೀತಿಯ ಲೀಸಾ,

ಕರ್ತನ ಸಮಾಧಾನ ನಿನ್ನ ಮನೆಯ ಮೇಲಿರಲಿ. ನಿನ್ನ ಕಾಗದ ಬಂತು. ಜರ್ಮನಿಗೆ ಹೋಗಿ ಇಷ್ಟು ವರ್ಷವಾದರೂ ನಿನ್ನ ಕನ್ನಡ ಅಕ್ಷರಗಳು ಹಾಗೇ ದುಂಡಗಿವೆ. ನಿನ್ನ ಅಪ್ಪ ಜರ್ಮನಿಯಿಂದ ಬಂದು ಬೆಟಗೇರಿಯಲ್ಲಿ ಪಾದ್ರಿಯಾಗಿದ್ದಾಗ ಮಿಶನ್ ಶಾಲೆಯಲ್ಲಿ ನಾವಿಬ್ಬರೂ ಒಂದೇ ಪಾಟಿಯ ಮೇಲೆ ತಿದ್ದಿದ ಅಕ್ಷರ ಅವು. ನಮ್ಮ ಮನೆಯವರು ಓದಿ, ತಮ್ಮ ಮುನಸಿಪಾಲ್ಟಿ ಶಾಲೆಯ ಹುಡುಗರಿಗಿಂತ ನೀನೇ ಚಲೋ ಬರೆಯುತ್ತೀ ಎಂದರು.

ನಿನ್ನ ಮಗ ಮತ್ತೀಯಸ್ ಇಲ್ಲಿ ಬಂದು ಇಂಜಿನಿಯರಿಂಗ್ ತರಬೇತಿಯ ಜೊತೆಗೆ ಊರನ್ನೆಲ್ಲ ಸುತ್ತಿ ನೋಡಿದನೆಂದು ಎಷ್ಟು ಸಂತೋಷದಿಂದ ಬರೆದಿದ್ದೀ. ಎಲಿಫಂಟಾದ ಗವಿಗಳು, ವಸಾಯಿಯ ಕೋಟೆ, ಪವಾಯಿ ಕೆರೆಯಲ್ಲಿ ದೋಣಿ. ಪ್ರತಿ ವಾರದ ರಜೆಗೂ ಒಂದು ಸಾಹಸ. ಅವನ ಕಾಗದಗಳನ್ನು ಪಕ್ಕದ ಮನೆಯವರಿಗೂ ಓದಿ ಹೇಳುತ್ತೀಯಂತೆ.

ಲೀಸಾ, ಇದನ್ನು ಕೂತು ಓದು. ಅವನು ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ.

ಅಂಧೇರಿಯ ಪಂಪಿನ ಕಾರಖಾನೆಯಲ್ಲಿ ಶನಿವಾರ ಕೆಲಸ ಮುಗಿಸಿ ಸೀದಾ ನಮ್ಮ ಮನೆಗೆ ಬರುತ್ತಿದ್ದ. ಜೋಳದ ರೊಟ್ಟಿ ತಿನ್ನಲು ಬೇಗ ಕಲಿತ. ಊಟವಾದ ಮೇಲೆ ನಿನಗೆ ಕಾಗದ ಬರೆಯಲು ಕೂತು, ಎಲಿಫಂಟಾದಲ್ಲಿ ಮಂಗಗಳಿವೆಯೇ, ದೋಣಿಗೆ ಎಲ್ಲಿ ಹತ್ತಬೇಕು ಎಂದು ನನ್ನನ್ನೇ ಕೇಳುತ್ತಿದ್ದ. ಅವನ ಟೊಪ್ಪಿಗೆ ಕಿತ್ತುಕೊಂಡ ಮಂಗವನ್ನು ಹುಟ್ಟಿಸಿದವಳು ನಾನೇ. ಒಂದೇ ಒಂದು ಸಾಹಸ ನಿಜ: ಅಂಧೇರಿಯ ಸಿನೆಮಾ ಸ್ಟುಡಿಯೋದವರು ರಸ್ತೆಯಲ್ಲಿ ಇವನ ಬಿಳಿ ಮುಖ ಕಂಡು, ಎಳೆದೊಯ್ದು, ಇಂಗ್ಲಿಷರ ಸಿಪಾಯಿಯ ವೇಷ ಹಾಕಿ ನಿಲ್ಲಿಸಿದ್ದರು. ಅದನ್ನು ಮಾತ್ರ ನೀನು ನಂಬಲಿಲ್ಲವಂತೆ.

ಬೆಳಗಾದರೆ ಶಿವಡಿ. ಅಲ್ಲಿ ಏನಿದೆಯೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ನಿನ್ನ ಯಜಮಾನರು ಕಡೆಯ ದಿನಗಳಲ್ಲಿ ಮಗನನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಹೇಳಿದರಂತೆ. ಯುದ್ಧ ಮುಗಿದು, ಇಂಗ್ಲಿಷರು ಕ್ಯಾಂಪಿನಲ್ಲಿ ಕೂಡಿಹಾಕಿದ್ದ ಜರ್ಮನರನ್ನು ಊರಿಗೆ ಕಳಿಸುವಾಗ, ಹಡಗು ಹತ್ತುವ ಮೊದಲು ಮುಂಬಯಿಯಲ್ಲಿ ಮಗುವಿಗೆ ಗಂಟಲು ಕಟ್ಟಿ ಉಸಿರು ನಿಂತದ್ದು, ಮಣ್ಣು ಮಾಡಿದ ಮರುದಿನವೇ ಹಡಗು ಹೊರಟಿದ್ದು. ತನಗೊಬ್ಬ ಅಕ್ಕ ಇದ್ದಳೆಂಬುದು ಅವನಿಗೆ ಗೊತ್ತಾದದ್ದೇ ಆಗ. ಅವಳನ್ನು ಮನೆಗೆ ಕರೆದುಕೊಂಡು ಬಾ, ನನ್ನ ಪಕ್ಕದಲ್ಲಿ ಮಲಗಿಸು ಎಂದು ಅವರು ಕೇಳಿದರಂತೆ. ಇವನು ದೂರದ ಮುಂಬಯಿಯ ಕಾರಖಾನೆಯನ್ನೇ ತರಬೇತಿಗೆ ಆರಿಸಿಕೊಂಡದ್ದು ಅದಕ್ಕೆ. ನಿನಗೆ ಹೇಳಿದರೆ ನೀನು ಉಳಿಯುವುದಿಲ್ಲವೆಂದು ಹೆದರಿದ.

ಮಗು ಹೋದದ್ದು ಮಿಶನ್ನಿನವರಿಂದ ನನಗೂ ಆ ವರ್ಷವೇ ತಿಳಿದಿತ್ತು. ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ.

ಮಳೆಗಾಲವೆಲ್ಲ ನಾವಿಬ್ಬರೂ ಕೊಡೆ ಹಿಡಿದು ಶಿವಡಿಯ ಕ್ರೈಸ್ತರ ಸ್ಮಶಾನದಲ್ಲಿ ನಮ್ಮ ಸಭೆಯವರ ಕಡೆ ಹುಡುಕಿದೆವು. ಪಾಚಿ ಕಟ್ಟಿದ ಕಲ್ಲುಗಳನ್ನು ಅವನು ಕರ್ಚೀಫಿನಿಂದ ಒರೆಸಿ ಒಂದೊಂದೇ ಹೆಸರು ಓದುತ್ತಿದ್ದ. ದಸರೆ ಕಳೆದ ಮೇಲೆ ನಮ್ಮ ಮನೆಯವರಿಗೆ ಒಂದು ಸಂಶಯ ಬಂತು: ಆ ಗಡಿಬಿಡಿಯಲ್ಲಿ ಮಗುವಿದ್ದ ಆಸ್ಪತ್ರೆಯ ಸಿಸ್ಟರುಗಳೇ ಎಲ್ಲ ಮಾಡಿಸಿದ್ದರೆ, ಕಥೋಲಿಕರ ಕಡೆ ಯಾಕೆ ಇರಬಾರದು? ಸ್ಮಶಾನದ ಆಫೀಸಿನ ಗುಮಾಸ್ತ ಸದಾನಂದ ಹಳೆಯ ಪುಸ್ತಕ ತೆಗೆದು ನೋಡಿದ. ಹೆಸರು ಸಿಕ್ಕಿತು. ಜಾಗವೂ ಸಿಕ್ಕಿತು. ಆದರೆ ಅಲ್ಲಿ ನಿಂತಿದ್ದ ಕಲ್ಲು ಸೆರಾಫಿನ್ ಬಾಯಿ ಎಂಬವಳದು.

ಈ ಊರಿನಲ್ಲಿ ಸತ್ತವರಿಗೂ ಜಾಗದ ಬರ, ಲೀಸಾ. ಕೇಳುವವರಿಲ್ಲದ ಕುಣಿಯನ್ನು ವರ್ಷಗಳು ಕಳೆದ ಮೇಲೆ ಮತ್ತೊಬ್ಬರಿಗೆ ಕೊಡುತ್ತಾರೆ. ಮೊದಲಿನವರ ಎಲುಬನ್ನು ಅಲ್ಲೇ ಇನ್ನೂ ಕೆಳಗೆ ಇಟ್ಟು ಮಣ್ಣು ಹಾಕುತ್ತಾರೆಂದು ಸದಾನಂದ ತಗ್ಗಿದ ದನಿಯಲ್ಲಿ ಹೇಳಿದ. ಮತ್ತೀಯಸ್ ಅಳಲಿಲ್ಲ. ಕೂತು, ಆ ಕಲ್ಲಿನ ಬುಡದ ಹುಲ್ಲು ಕೀಳತೊಡಗಿದ.

ಆ ಹೊತ್ತಿಗೆ ಮೇಣದಬತ್ತಿ ಹಿಡಿದು ಸೆರಾಫಿನಳ ಗಂಡ ಬಂದ. ದೂಜ ಎಂದು ಹೆಸರು, ಮಂಗಳೂರು ಕಡೆಯವನು, ಬಂದರಿನ ಡಾಕಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ತನ್ನ ಹೆಂಡತಿಯ ಸಮಾಧಿಯಲ್ಲಿ ಒಬ್ಬ ಬಿಳಿಯನು ಕೈ ಹಾಕಿದ್ದು ಕಂಡು ಕೊಂಕಣಿಯಲ್ಲಿ ಕೂಗಾಡಿದ. ನಾನು ವಿಷಯ ತಿಳಿಸಿದಾಗ ಅವನ ಮುಖ ಸುಣ್ಣವಾಯಿತು. ನಾವು ಜಾಗ ಬಿಡಿಸಿಕೊಳ್ಳಲು ಬಂದವರೆಂದುಕೊಂಡ. ಬತ್ತಿಯನ್ನೂ ಹಚ್ಚದೆ ಹೊರಟುಹೋದ.

ಮುಂದಿನ ರವಿವಾರ ನಮಗಿಂತ ಮೊದಲೇ ಬಂದು ಕೂತಿದ್ದ. ವಾರವೆಲ್ಲ ನಿದ್ದೆಯಿಲ್ಲವೆಂದ. ತಾಯಿ ತನ್ನ ಮಗುವನ್ನು ಕೇಳುತ್ತಿದ್ದರೆ ತಾನು ತಡೆಯುವವನಲ್ಲ, ಅಗೆಯಲು ಒಪ್ಪಿಗೆ ಕೊಡುತ್ತೇನೆಂದ. ಆಮೇಲೆ ಮತ್ತೀಯಸನ ಕಡೆ ತಿರುಗಿ, ನಿಧಾನವಾಗಿ, ತನ್ನ ಊರಿನ ಕನ್ನಡದಲ್ಲಿ ಹೇಳಿದ:

“ನನ್ನ ಸೆರಾಫಿನಿಗೆ ಮಕ್ಕಳಾಗಲಿಲ್ಲ ಮಗಾ. ಹೇಳದ ಹರಕೆ ಇಲ್ಲ. ಸಾಯುವಾಗಲೂ ಅದೇ ಕೊರಗು. ಈಗ ನೋಡಿದರೆ, ಅವಳು ಹೋಗುವ ಮೊದಲೇ ದೇವರು ಅಲ್ಲಿ ಒಂದು ಮಗು ಮಲಗಿಸಿ ಇಟ್ಟಿದ್ದರು.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದೆ. ಮತ್ತೀಯಸ್ ಬೇಡವೆಂದ, ಅವನಿಗೆ ತಿಳಿದಿತ್ತು. ನೀನು ಜೋಗುಳದಲ್ಲಿ ಕಲಿಸಿದ ನಾಲ್ಕು ಮಾತನ್ನೇ ಜೋಡಿಸಿ ದೂಜನಿಗೆ ಉತ್ತರ ಕೊಟ್ಟ.

“ಅಗೆಯೋದು ಬೇಡ. ಅಕ್ಕ ಇಲ್ಲೇ ಇರಲಿ. ಇಲ್ಲಿ ಅವ್ವ ಇದಾಳೆ.”

ಈ ಮಾತು ನಿನಗೆ ಚುಚ್ಚೀತೆಂದು ಬರೆಯದೆ ಬಿಡಲು ನೋಡಿದೆ. ಕೈ ಒಪ್ಪಲಿಲ್ಲ. ಅವತ್ತು ಅವನು ದೂಜನ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದನ್ನು ನೀನು ನೋಡಿದ್ದರೆ ಆ ಮಾತಿಗೆ ಸಿಟ್ಟಾಗುತ್ತಿರಲಿಲ್ಲ. ಅಪ್ಪನಿಗೆ ಕೊಟ್ಟ ಮಾತು ತಪ್ಪಿದೆನೆಂಬ ದುಃಖ ಅವನಿಗೆ ಇನ್ನೂ ಇದೆ. ಶನಿವಾರ ಬಂದರೂ ಈಗ ಸರಿಯಾಗಿ ಊಟ ಮಾಡುವುದಿಲ್ಲ. ಅಪ್ಪ ಇದ್ದಿದ್ದರೆ, ನಡೆಸಲಾಗದ ಆ ಮಾತಿನಿಂದ ಅವರೇ ಅವನನ್ನು ಬಿಡಿಸುತ್ತಿದ್ದರೆಂದು ನಾನು ಹೇಳಿದೆ. ನಾನು ಹೇಳಿದರೆ ಸಾಲದು, ಲೀಸಾ.

ಬರುವ ವಾರ ಅವನು ವಿಮಾನ ಹತ್ತುತ್ತಾನೆ. ಚೀಲದಲ್ಲಿ ಒಂದು ಫೋಟೋ ಇದೆ. ದೂಜ ಆ ಕಲ್ಲಿನ ಮೇಲೆ ಹೆಂಡತಿಯ ಹೆಸರಿನ ಕೆಳಗೆ ನಿನ್ನ ಮಗಳ ಹೆಸರನ್ನೂ ಕೆತ್ತಿಸಿದ್ದಾನೆ. ಅವ್ವನಿಗೆ ತೋರಿಸಲೇ, ಮೌಶಿ, ಎಂದು ಅವನು ನನ್ನನ್ನು ಕೇಳಿದ. ಅವನಿಗೆ ಹೇಳದೆ ಇದನ್ನು ಬರೆಯುತ್ತಿದ್ದೇನೆ.

ಅವನು ಮನೆಗೆ ಬಂದು ಗವಿ, ಕೋಟೆ ಎಂದು ಮತ್ತೆ ಶುರು ಮಾಡಿಯಾನು. ಕೇಳುತ್ತ ಕೂರಬೇಡ. ನೀನೇ ಕೇಳು, ಕ್ಲಾರಾಳನ್ನು ನೋಡಿದೆಯಾ ಎಂದು. ನಿನ್ನ ಬಾಯಿಂದ ಆ ಹೆಸರನ್ನು ಅವನು ಒಮ್ಮೆಯೂ ಕೇಳಿಲ್ಲ. ಹೇಳುವಾಗ ಎದೆ ಒಡೆದೀತು. ಒಡೆಯಲಿ, ಪಕ್ಕದಲ್ಲಿ ಮಗನಿರುತ್ತಾನೆ.

ನಿನ್ನ ಗೆಳತಿ,
ಕರುಣಾಬಾಯಿ

ತಾ.ಕ.: ಕ್ರಿಸ್ಮಸ್ಸಿನ ಕಾಗದಗಳಲ್ಲಿ ನಮಗೆ ಮಕ್ಕಳೆಷ್ಟು ಎಂದು ನೀನು ಕೇಳುತ್ತಿದ್ದೆ. ನಾನು ಹವಾಮಾನ ಬರೆದು ಮುಗಿಸುತ್ತಿದ್ದೆ. ಒಬ್ಬಳು ಹುಟ್ಟಿದ್ದಳು, ಲೀಸಾ, ನಾವು ಮುಂಬಯಿಗೆ ಬರುವ ಮೊದಲು. ವರ್ಷ ತುಂಬಲಿಲ್ಲ. ಬೆಟಗೇರಿಯಲ್ಲಿ ನಿನ್ನ ತಾಯಿಯ ಸಮಾಧಿಯ ಪಕ್ಕದಲ್ಲಿದ್ದಾಳೆ. ನಿನಗೆ ಹೇಗೆ ಬರೆಯಲಿ? ಅವಳಿಗೆ ನಿನ್ನ ಹೆಸರಿಟ್ಟಿದ್ದೆವು.