ಬೇಯದ ಅನ್ನಕ್ಕೆ ನನ್ನ ಹೆಸರು

ಯಡ್ತರೆ ಶಾಲೆ,
18 ಜನವರಿ, ಶನಿವಾರ

ಅಪ್ಪಯ್ಯನಿಗೆ ನಿಮ್ಮ ಮಗಳ ನಮಸ್ಕಾರ.

ನಿನ್ನೆಯಿಂದ ನೀವು ನನ್ನ ಫೋನ್ ತೆಗೆಯುತ್ತಿಲ್ಲ. ಅದಕ್ಕೇ ಇದನ್ನು ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಗಿರಾಕಿ ಕಡಿಮೆಯಾದಾಗ ಗಲ್ಲಾದಲ್ಲಿ ಕುಳಿತು ಓದಿ. ಇಲ್ಲಿನ ಚಂದಯ್ಯ ಮಾವ, ನಿಮ್ಮ ಹಳೇ ದೋಸ್ತಿ, ಮುಂಬಯಿಗೇ ಫೋನ್ ಮಾಡಿ "ನಿನ್ ಮಗ್ಳ್ ಬೇಯದ್ ಅನ್ನ ಬಡ್ಸಿದ್ಲ್ ಮಾರಾಯಾ" ಎಂದರಂತೆ. ಅಮ್ಮನಿಂದ ಗೊತ್ತಾಯಿತು. ಇಷ್ಟು ವರ್ಷ ಹೋಟೆಲ್ ನಡೆಸಿದವರ ಮಗಳಿಗೆ ಅನ್ನ ಮಾಡಲು ಬರುವುದಿಲ್ಲ ಎಂದರೆ ನಿಮಗೆ ಹೇಗಾಗಿರಬೇಡ.

ಫೈನಲ್ ಇಯರ್ ಎಂದರೆ ಕ್ಯಾಂಟೀನಿನಲ್ಲಿ ಕಾಲು ಚಾಚಿ ಕೂರುವುದು, ಜೂನಿಯರ್‌ಗಳ ಮುಂದೆ ಬೀಗುವುದು ಎಂದುಕೊಂಡಿದ್ದೆ. ಎಲ್ಲಿಯ ಬೀಗುವುದು. ಈ ಎನ್.ಎಸ್.ಎಸ್. ಶಿಬಿರದಲ್ಲಿ ಮೊದಲು ಏಳುವವರು ನಾವು, ಕೊನೆಗೆ ಉಣ್ಣುವವರೂ ನಾವು. ಚಪ್ಪಲಿ ಕಾಣೆಯಾದರೂ "ಅಕ್ಕ", ಮನೆಯ ನೆನಪಾದರೂ "ಅಕ್ಕ". ನನಗೆ ಪ್ರೇಕ್ಷಾ ಎಂಬ ಹೆಸರಿರುವುದೇ ಇಲ್ಲಿ ಯಾರಿಗೂ ನೆನಪಿದ್ದಂತಿಲ್ಲ.

ನಿನ್ನೆ ಅಡುಗೆಯ ಪಾಳಿ ಮೊದಲ ವರ್ಷದವರದ್ದು. ನಾನು ಕೆರೆಯ ಹೂಳೆತ್ತುವ ಕಡೆ ಇದ್ದೆ. ಅನ್ನಕ್ಕೆ ನಿಂತವಳು ಅನಿಷಾ. ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸಿ ಗೊತ್ತೇ ಹೊರತು, ಕುಚ್ಚಲಕ್ಕಿಗೆ ಎಷ್ಟು ಹೊತ್ತು ಬೆಂಕಿ ಬೇಕೆಂದು ಅವಳಿಗೆ ಗೊತ್ತಿಲ್ಲ. ಕುದಿ ಬಂದ ಸ್ವಲ್ಪ ಹೊತ್ತಿಗೇ ಗಂಜಿ ಬಸಿದುಬಿಟ್ಟಿದ್ದಳು. ಅವತ್ತೇ ಊರಿನ ಹಿರಿಯರಿಗೂ ನಮ್ಮಲ್ಲಿ ಊಟ. ಅಷ್ಟರಲ್ಲಿ ನಾನೂ ಕೆರೆಯಿಂದ ಬಂದು ಬಡಿಸಲು ನಿಂತಿದ್ದೆ. ಮೊದಲ ತುತ್ತಿಗೇ ಚಂದಯ್ಯ ಮಾವ ಕೈ ನಿಲ್ಲಿಸಿ, "ಹ್ವಾಯ್, ಇದ್ ಅಕ್ಕಿಯಾ, ಅನ್ನವಾ? ಯಾರ್ ಮಾಡಿದ್ದ್?" ಎಂದು ಕೇಳಿದರು. ಬಡಿಸುತ್ತಿದ್ದವರೆಲ್ಲ ನಿಂತಲ್ಲೇ ನಿಂತರು.

ಅನಿಷಾ ಮನೆ ಬಿಟ್ಟು ಬೇರೆ ಕಡೆ ಮಲಗಿದ್ದು ಇದೇ ಮೊದಲು. ಹಿಂದಿನ ದಿನವಷ್ಟೇ "ನಂಗೆ ಕಾಲೇಜೇ ಬ್ಯಾಡ ಅಕ್ಕ, ಮನಿಗ್ ಹೋತೆ" ಎಂದು ಅತ್ತಿದ್ದಳು. ಅಷ್ಟು ಜನರ ಎದುರು ಅವಳ ಹೆಸರು ಬಂದಿದ್ದರೆ ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದಳು, ಮತ್ತೆ ಕಾಲೇಜಿಗೂ ಬರುತ್ತಿರಲಿಲ್ಲ. ನಾನೇ ಮಾಡಿದ್ದು ಮಾವ, ಎಂದೆ. ಸಾರಿನ ಜೊತೆಗೆ ಶಿಬಿರ ನಡೆಸುವ ಮೇಷ್ಟ್ರ ಬೈಗುಳವನ್ನೂ ಉಂಡೆ.

ಆಗ ಅಪ್ಪನ ಹೆಸರು ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ನೆನಪಾಯಿತು. ಆದರೂ ಹೇಳಿದೆ, ಹೇಳಿದ್ದಕ್ಕೆ ನನಗೆ ಹೆಮ್ಮೆಯಿದೆ. ಮೂರು ವರ್ಷದಲ್ಲಿ ಕಾಲೇಜಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ನಿಮ್ಮಲ್ಲಿ ಒಂದೇ ಕೋರಿಕೆ. ಮಾವ ಮತ್ತೆ ಫೋನ್ ಮಾಡಿದರೆ ನಿಜ ಹೇಳಬೇಡಿ. "ಹೌದ್, ನನ್ ಮಗ್ಳೇ" ಎಂದುಬಿಡಿ. ಅದು ನಿಮಗೆ ಎಷ್ಟು ಕಷ್ಟ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಬೇಕಾದರೆ ನನ್ನನ್ನು ಬೈಯಿರಿ, ಆದರೆ ಫೋನ್ ತೆಗೆದು ಬೈಯಿರಿ.

ಶಿಬಿರದ ಮಕ್ಕಳಿಗೆಲ್ಲ ಅಕ್ಕನಾಗಿರುವ,
ನಿಮ್ಮ ಮಗಳು
ಪ್ರೇಕ್ಷಾ

ತಾ.ಕ.: ಇವತ್ತು ಅನ್ನಕ್ಕೆ ಮತ್ತೆ ಅನಿಷಾಳನ್ನೇ ನಿಲ್ಲಿಸಿದೆ. ಪಕ್ಕದಲ್ಲೇ ಇದ್ದೆ, ಸೌಟು ಮಾತ್ರ ಮುಟ್ಟಲಿಲ್ಲ. ಹದವಾಗಿ ಬೆಂದಿತ್ತು. ಸೌದೆ ಕೊಡಲು ಬಂದ ಚಂದಯ್ಯ ಮಾವನನ್ನು ಊಟಕ್ಕೆ ಕೂರಿಸಿದೆವು. ಎರಡನೇ ಸಲ ಬಡಿಸಿಕೊಂಡು, "ಇದ್ ಕಾಣಿ ಭೋಜರಾಜನ್ ಮಗ್ಳ್ ಕೈ, ನಿನ್ನೆ ಎಂತದೋ ಆಯ್ತ್" ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ಸುಮ್ಮನಿದ್ದಿದ್ದರೆ ನಿಮ್ಮ ಮಾನ ಅಲ್ಲಿಗೇ ಮರಳಿ ಬರುತ್ತಿತ್ತು ಅಪ್ಪಯ್ಯ. ನಾನು "ಅಲ್ಲ ಮಾವ, ಇದ್ ಅನಿಷಾ ಮಾಡಿದ್ದ್" ಎಂದುಬಿಟ್ಟೆ.