ತಪ್ಪು ಸಾಲಿನ ಮೇಲೆ ಕೆಂಪು ಗೆರೆ

ಮಂಗಳವಾರ, ಮತದಾನದ ಮರುದಿನ
ಮಧ್ಯಾಹ್ನ

ನಮ್ಮನೆಯವರಿಗೆ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು "ಪ್ರೀತಿಯ" ಎಂದು ಬರೆದು ಹರಿದು ಹಾಕಿದೆ. ನಾಲ್ಕು ವರ್ಷದಿಂದ ಬೇರೆ ಇರುವವರಿಗೆ ಹಾಗೆ ಬರೆದರೆ ನಾಟಕ ಅನ್ನಿಸಿತು. "ಮಾನ್ಯರೇ" ಎಂದು ಬರೆದೆ, ನಲ್ಲಿ ರಿಪೇರಿಗೆ ಕೊಟ್ಟ ಅರ್ಜಿಯ ಹಾಗಾಯಿತು. ಕೊನೆಗೆ ನಾಲಿಗೆಗೆ ರೂಢಿಯಾದದ್ದನ್ನೇ ಬರೆದಿದ್ದೇನೆ. ಸಿಟ್ಟು ಬಂದರೆ ಆ ಒಂದು ಪದ ಬಿಟ್ಟು ಮುಂದೆ ಓದಿ.

ನಿನ್ನೆ ಸಂಜೆ ಮತಗಟ್ಟೆಯಲ್ಲಿ ನಿಮ್ಮನ್ನು ಕಳ್ಳನ ಹಾಗೆ ನಿಲ್ಲಿಸಿಕೊಂಡು ವಿಚಾರಿಸಿದರಲ್ಲ, ಅದಕ್ಕೆ ಕಾರಣ ನಾನು. ನಿಮ್ಮ ವೋಟನ್ನು ಯಾರೂ ಬಂದು ಹಾಕಿ ಹೋಗಿರಲಿಲ್ಲ. ನಿಮ್ಮ ಹೆಸರಿನ ಮೇಲೆ ಗೆರೆ ಎಳೆದದ್ದು ಈ ನನ್ನ ಕೈ. ಪುಟ್ಟಿಯ ಹತ್ತಿರ ಹೇಳಿ ಕಳಿಸಬಹುದಿತ್ತು, ಅವಳು ಹೇಗೂ ವಾರಕ್ಕೊಮ್ಮೆ ನಿಮ್ಮ ಕೋಣೆಗೆ ಬಂದು ಹೋಗುತ್ತಾಳೆ. ಆದರೆ ಅಮ್ಮನ ತಪ್ಪನ್ನು ಮಗಳ ಬಾಯಲ್ಲಿ ಒಪ್ಪಿಸುವುದು ನನಗೆ ಸರಿ ಕಾಣಲಿಲ್ಲ.

ಈ ಸಲ ಲೈಬ್ರರಿಯಿಂದ ನನ್ನನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು. ಮತದಾರರ ಪಟ್ಟಿ ನನ್ನ ಮುಂದೆ ಇರುತ್ತಿತ್ತು. ಬಂದವರ ಚೀಟಿ ನೋಡಿ, ಅವರ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಹೆಸರನ್ನು ಇಡೀ ಕೋಣೆಗೆ ಕೇಳುವಂತೆ ಓದಬೇಕು. ಪಕ್ಷಗಳ ಏಜೆಂಟರು ಹೂಂ ಅಂದ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಬೇಕು. ಪಕ್ಕದಲ್ಲಿ ನಿವೃತ್ತಿ ಹತ್ತಿರವಾದ ಒಬ್ಬರು ಪೋಸ್ಟ್‌ಮ್ಯಾನ್ ಬೆರಳಿಗೆ ಶಾಯಿ ಹಚ್ಚುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಗಣಿತದ ಮೇಷ್ಟ್ರು ನಮ್ಮ ಮತಗಟ್ಟೆಯ ಅಧಿಕಾರಿ. ಅದು ಒಂದನೇ ತರಗತಿಯ ಕೋಣೆ. ಬೆಂಚುಗಳು ಎಷ್ಟು ಗಿಡ್ಡ ಎಂದರೆ, ಮೇಷ್ಟ್ರು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಆದರೂ ಅವರ ಗತ್ತಿಗೇನೂ ಕಡಿಮೆ ಇರಲಿಲ್ಲ.

ಬಾಗಿಲು ತೆರೆಯುವ ಮೊದಲು ನಾವು ಕೆಲಸದವರು ವೋಟು ಹಾಕಿ ಮುಗಿಸಬೇಕಿತ್ತು. ನಮ್ಮ ಹೆಸರಿಗೆ ನಾವೇ ಗೆರೆ ಎಳೆದುಕೊಳ್ಳಬಾರದು, ಪಕ್ಕದವರು ಎಳೆಯಬೇಕು ಎಂದು ಮೇಷ್ಟ್ರು ಮೂರು ಸಲ ಹೇಳಿದ್ದರು. ಪೋಸ್ಟ್‌ಮ್ಯಾನ್ ಹಣೆಯ ಮೇಲಿದ್ದ ಕನ್ನಡಕವನ್ನು ಚೀಲದಲ್ಲೆಲ್ಲ ಹುಡುಕುತ್ತಿದ್ದರು. ಏಜೆಂಟರು ಕುರ್ಚಿಗಾಗಿ ಓಡಾಡುತ್ತಿದ್ದರು. ನನ್ನ ತಾಳ್ಮೆ ಎಷ್ಟೆಂದು ನಿಮಗೆ ಗೊತ್ತೇ ಇದೆ. "ಕೊಡಿ ಇಲ್ಲಿ, ನಾನೇ ಎಳೀತೀನಿ" ಎಂದವಳೇ ಎಳೆದುಬಿಟ್ಟೆ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗೇ ನನ್ನದಿದೆ. ಇಪ್ಪತ್ತೆರಡು ವರ್ಷ ಯಾವ ಫಾರಂ ತುಂಬಿದರೂ ಮೊದಲು ನಿಮ್ಮ ಹೆಸರು, ಆಮೇಲೆ ನನ್ನದು. ಕಣ್ಣು ರೂಢಿಯಂತೆ ನಿಮ್ಮ ಸಾಲಿನ ಮೇಲೆ ನಿಂತಿತು, ಕೈ ಗೆರೆ ಎಳೆಯಿತು. ನಾನು ಹೋಗಿ ವೋಟು ಹಾಕಿ, ದೊಡ್ಡ ಕೆಲಸ ಮುಗಿಸಿದವಳ ಹಾಗೆ ಬಂದು ಕೂತೆ.

ಗೊತ್ತಾದದ್ದು ಮಧ್ಯಾಹ್ನ, ಎದುರು ಮನೆಯ ಅಜ್ಜಿಯ ಹೆಸರು ಹುಡುಕುವಾಗ. ನನ್ನ ಸಾಲು ಹಾಗೇ ಖಾಲಿ ಇದೆ, ನಿಮ್ಮ ಸಾಲು ಕೆಂಪಾಗಿದೆ. ಆಗಲೇ ಎದ್ದು ಮೇಷ್ಟ್ರಿಗೆ ಹೇಳಿದ್ದರೆ ಅವರು ಮತಗಟ್ಟೆಯ ಡೈರಿಯಲ್ಲಿ ಎರಡು ಸಾಲು ಬರೆದು, ಏಜೆಂಟರ ಸಹಿ ಹಾಕಿಸಿ, ಅಲ್ಲಿಗೇ ಮುಗಿಸುತ್ತಿದ್ದರು. ಆದರೆ ಮೂರು ಸಲ ಹೇಳಿದ ಮಾತನ್ನು ಮೀರಿದ್ದೇನೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಹೇಗೂ ನೀವು ಬರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋದ ಚುನಾವಣೆಗೆ ನೀವು ಬಂದಿರಲಿಲ್ಲ. ಸಂಜೆಯವರೆಗೆ ಗೇಟಿನ ಹತ್ತಿರ ನಿಂತಿದ್ದವಳಿಗೆ ಅಷ್ಟು ಗೊತ್ತಿರುತ್ತದೆ.

ಆರು ಗಂಟೆಗೆ ಹತ್ತು ನಿಮಿಷ ಇರುವಾಗ ನೀವು ಬಂದಿರಿ. ಯಾವುದೋ ಲಿಫ್ಟ್ ರಿಪೇರಿ ಅರ್ಧಕ್ಕೆ ಬಿಟ್ಟು ಬಂದಿದ್ದಿರಿ ಅನ್ನಿಸುತ್ತದೆ, ತೋಳಿನ ಮೇಲೆ ಗ್ರೀಸಿನ ಕಲೆ ಇತ್ತು. ತುಂಬಾ ಸೊರಗಿದ್ದೀರಿ. ನಿಮ್ಮ ಹೆಸರು ಓದುವಾಗ ನನ್ನ ದನಿ ನನಗೇ ಕೇಳಲಿಲ್ಲ. ಇಣುಕಿ ನೋಡಿದ ಪೋಸ್ಟ್‌ಮ್ಯಾನ್, "ಸಾರ್, ಇವರದು ಆಗಲೇ ಆಗೋಗಿದೆ" ಎಂದರು. ನೀವು ಬೆರಳು ತೋರಿಸಿದಿರಿ, ಶಾಯಿ ಇರಲಿಲ್ಲ. ಅಷ್ಟಕ್ಕೆ ಆ ಏಜೆಂಟ್, ನಿಮ್ಮ ಬೀದಿಯ ಟೈರ್ ಅಂಗಡಿಯವನು, "ಕೈ ಸೀಮೆಎಣ್ಣೆ ವಾಸನೆ ಹೊಡೀತಿದೆ, ಶಾಯಿನ ಚೆನ್ನಾಗಿ ಉಜ್ಜಿ ತೆಕ್ಕೊಂಡು ಬಂದವ್ರೆ. ಪೊಲೀಸರನ್ನ ಕರೀರಿ" ಎಂದ. ಗ್ರೀಸು ಬಿಡಿಸಲು ದಿನವೂ ಸೀಮೆಎಣ್ಣೆಯಲ್ಲಿ ಕೈ ತೊಳೆಯುವುದು ನಿಮ್ಮ ಕಸುಬಿನ ರೂಢಿ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಸ್ಕೇಲ್ ನೋಡುತ್ತಾ ಕೂತಿದ್ದೆ.

ನೀವು ಪಟ್ಟಿಯನ್ನು ತಲೆಕೆಳಗಾಗಿಯೇ ಓದಿದಿರಿ. ಊಟದ ಮೇಜಿನಲ್ಲಿ ನನ್ನ ಪೇಪರನ್ನು ಎದುರಿನಿಂದ ಓದಿ ಅಭ್ಯಾಸವಾದವರಿಗೆ ಅದೇನು ಕಷ್ಟ? ಕೆಂಪು ಸಾಲು, ಅದರ ಕೆಳಗೆ ಖಾಲಿ ಸಾಲು, ನನ್ನ ಬೆರಳಿನ ಶಾಯಿ, ಮೂರನ್ನೂ ನೋಡಿದಿರಿ. ಆಮೇಲೆ ನನ್ನ ಮುಖ ನೋಡಿದಿರಿ. ನಿಮಗೆ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. ಒಂದೇ ಮಾತು ಹೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನೀವು ಮಾತ್ರ "ಹೋಗ್ಲಿ ಬಿಡಿ, ನನಗೆ ಕೆಲಸ ಇದೆ" ಎಂದು ಹೊರಟುಬಿಟ್ಟಿರಿ. ಹಿಂದಿನಿಂದ ಯಾರೋ ನಕ್ಕರು.

ನೀವು ಮೆಟ್ಟಿಲು ಇಳಿದು ಹೋದಿರಿ. ಸ್ಕೂಟರ್ ಸ್ಟಾರ್ಟ್ ಆದ ಸದ್ದು ಕೇಳಿದ ಮೇಲೆ ಎದ್ದು ನಿಂತು, "ತಪ್ಪು ನನ್ನದು. ಅವರು ನಮ್ಮನೆಯವರು" ಎಂದೆ. ಮೇಷ್ಟ್ರು ಕಾನ್‌ಸ್ಟೇಬಲ್‌ನನ್ನು ನಿಮ್ಮ ಹಿಂದೆ ಓಡಿಸಿದರು. ಅವನು ಏದುಸಿರು ಬಿಡುತ್ತಾ ಬರಿಗೈಲಿ ವಾಪಸ್ ಬರುವಷ್ಟರಲ್ಲಿ ಆರು ಹೊಡೆಯಿತು, ಬಾಗಿಲು ಹಾಕಿದರು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಡೈರಿಯಲ್ಲಿ ನಡೆದದ್ದನ್ನೆಲ್ಲ ನನ್ನ ಕೈಯಲ್ಲೇ ಬರೆಸಿ, "ಒಂದು ಹತ್ತು ನಿಮಿಷ ಮುಂಚೆ ಹೇಳಬಾರದಿತ್ತೇನಮ್ಮ" ಎಂದರಷ್ಟೇ. ಇನ್ನು ಮುಂದೆ ನನ್ನನ್ನು ಈ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಕರೆಯಲೂಬಾರದು.

ಇವತ್ತು ಬೆಳಿಗ್ಗೆ ಟೈರ್ ಅಂಗಡಿಗೆ ಹೋಗಿದ್ದೆ. ಗಿರಾಕಿಗಳ ಮುಂದೆಯೇ ಎಲ್ಲ ಹೇಳಿದೆ. "ಅಯ್ಯೋ ಅಕ್ಕಾ, ನಾನಾಗಲೇ ನಾಲ್ಕು ಜನಕ್ಕೆ ಹೇಳಿಬಿಟ್ನಲ್ಲ" ಎಂದು ತಲೆ ಕೆರೆದುಕೊಂಡ. ಆ ನಾಲ್ಕು ಜನರ ಹತ್ತಿರ ನನ್ನ ಹೆಸರು ಹೇಳು, ಅವರದಲ್ಲ ಎಂದು ಬಂದಿದ್ದೇನೆ. ನಿಮ್ಮ ಮಾನ ನಿಮಗೆ ಸಿಕ್ಕೀತು. ನಿಮ್ಮ ವೋಟನ್ನು ಮಾತ್ರ ನಾನು ವಾಪಸ್ ತಂದುಕೊಡಲಾರೆ.

ಮನೆ ಬಿಟ್ಟು ಹೊರಡುವಾಗ ನೀವು ಹೇಳಿದ್ದಿರಿ, ನಿನ್ನ ಬಾಯಲ್ಲಿ ಒಂದೇ ಒಂದು ಸಲ "ನನ್ನ ತಪ್ಪು" ಅಂತ ಕೇಳಬೇಕು ಎಂದು. ನನ್ನ ಕಿವಿಯೋಲೆ ಕಾಣೆಯಾದಾಗ, ಮನೆಗೆ ಬಂದಿದ್ದ ನಿಮ್ಮ ಅಕ್ಕನ ಚೀಲ ಜಾಲಾಡಿದೆ. ಮೂರು ದಿನದ ಮೇಲೆ ಅದು ನನ್ನದೇ ಸೂಜಿ ಡಬ್ಬಿಯಲ್ಲಿ ಸಿಕ್ಕಾಗ ತುಟಿಪಿಟಕ್ಕೆನ್ನದೆ ಕಿವಿಗೆ ಹಾಕಿಕೊಂಡೆ. ನಿಮ್ಮ ಅಕ್ಕ ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಿನ್ನೆ ಆ ಕೋಣೆಯಲ್ಲಿ ನಿಮ್ಮ ಮುಖ ಕಂಡಾಗ ಅವರ ಮುಖವೇ ಕಂಡಿತು. ನನಗೆ ನಾಚಿಕೆಯಾಯಿತು. ತಪ್ಪು ನನ್ನದು, ಆವತ್ತಿನದೂ ನಿನ್ನೆಯದೂ. ಅಕ್ಕನಿಗೆ ಇನ್ನೂ ಬರೆದಿಲ್ಲ. ಅದಕ್ಕೆ ಇನ್ನೊಂದು ದಿನದ ಧೈರ್ಯ ಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಪುಟ್ಟಿಯ ಅಮ್ಮ

ಮತ್ತೊಂದು ಮಾತು: ಬಿಟ್ಟು ಹೋದ ಮನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಹೇಗೆ ಉಳಿದಿದೆ ಎಂದು ನೀವು ಯೋಚಿಸಿರಬಹುದು. ಪಟ್ಟಿ ತಿದ್ದುವವರು ಎರಡು ಸಲ ಬಂದು, ಇವರು ಇಲ್ಲೇ ಇದ್ದಾರಾ ಎಂದು ಕೇಳಿದ್ದರು. ಎರಡು ಸಲವೂ "ಇದ್ದಾರೆ, ಕೆಲಸಕ್ಕೆ ಹೋಗಿದ್ದಾರೆ" ಎಂದೆ. ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ಈ ಸಲ ನಾನು ಸುಳ್ಳು ಹೇಳುವುದಿಲ್ಲ. ಇದ್ದಾರೆ ಎನ್ನಲೋ, ಇಲ್ಲ ಎನ್ನಲೋ, ಅಷ್ಟರೊಳಗೆ ನೀವೇ ಬಂದು ಹೇಳಿ.