ಏನೂ ಕಡಿಮೆ ಇಲ್ಲ ಎಂದಿದ್ದು ನಾನೇ

ಮಾನ್ಯ ಕುಲಸಚಿವರೇ,

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಗ್ಗೆ ಹತ್ತರಿಂದ ಒಂದೂವರೆಯವರೆಗೆ ನಿಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮಾಳಮಡ್ಡಿಯಲ್ಲಿ ನಾನು ಕೆಲಸ ಮಾಡುವ ಎರಡೂ ಮನೆಗಳಿಗೆ ಬರುವುದಿಲ್ಲ ಎಂದು ಹೇಳಿ ಹೋಗಿದ್ದೆ. ನಿಮ್ಮ ಭೇಟಿ ಆಗಲಿಲ್ಲ. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ. ನಿಮ್ಮ ಅಧಿಕಾರಿ ನನ್ನ ಮನೆಯಲ್ಲಿ ಊಟ ಮಾಡಿದರು. ಆ ಊಟವನ್ನೇ ಸಾಕ್ಷಿಯಾಗಿಟ್ಟು, ಇವರು ಬಡವರಲ್ಲ ಎಂದು ವರದಿ ಬರೆದರು. ಅದರ ಮೇಲೆ ನೀವು ನನ್ನ ಮಗಳು ಕಾವೇರಿಯ ವಿದ್ಯಾರ್ಥಿವೇತನವನ್ನು ಎರಡನೇ ವರ್ಷದ ನಡುವೆ ರದ್ದು ಮಾಡಿ, ಹಾಸ್ಟೆಲ್ ಬಿಡಲು ನೋಟೀಸು ಕೊಟ್ಟಿರಿ.

ನಾನು ಏಳನೇ ಇಯತ್ತೆ ಓದಿದವಳು. ಹುಟ್ಟೂರು ಸುಳ್ಳ ಎಂಬ ಹಳ್ಳಿ. ನನ್ನ ಯಜಮಾನರು ಮೈಲಾರಲಿಂಗಪ್ಪ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಾಲು ಏರಿಸುವ ಕೆಲಸಕ್ಕಿದ್ದರು. ಪ್ರತಿ ಹೊಸ ವರ್ಷಕ್ಕೆ ಅಲ್ಲಿ ಅವರಿಗೊಂದು ಡೈರಿ ಕೊಡುತ್ತಿದ್ದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ನಾನು ಬರೆಯುತ್ತಿದ್ದೆ. ಮಳೆ ಬಂತು, ಯಾರು ಬಂದರು, ಏನು ಅಡುಗೆ, ಅಷ್ಟೇ. ಈ ವರ್ಷದ ಡೈರಿ ಅವರ ಊಟದ ಡಬ್ಬಿಯ ಜೊತೆ ಬೇರೆಯವರ ಕೈಯಲ್ಲಿ ಮನೆಗೆ ಬಂತು. ಜನವರಿ ಎರಡನೇ ವಾರ, ಪಾಳಿ ಮುಗಿಯುವ ಮೊದಲು ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಅವರು ತೀರಿಕೊಂಡ ಈ ವರ್ಷವೇ ನಾವು ಸ್ಥಿತಿವಂತರಾದೆವು ಎಂದು ನಿಮ್ಮ ಕಾಗದ ಹೇಳುತ್ತದೆ. ಹೇಗೆ ಎಂದು ನನಗೂ ತಿಳಿಯಬೇಕಾಗಿದೆ.

ಕಾವೇರಿಗೆ ಸೀಟು ಸಿಕ್ಕಾಗ ನೀವು ಅವಳ ಫೋಟೋವನ್ನು ಪ್ರವೇಶದ ಪುಸ್ತಿಕೆಯಲ್ಲಿ ಹಾಕಿದಿರಿ. ಪ್ರತಿಭೆಗೆ ಬಡತನ ಅಡ್ಡಿಯಲ್ಲ ಎಂದು ಅದರ ಕೆಳಗೆ ಬರೆಸಿದಿರಿ. ದೊಡ್ಡವರು ಬಂದಾಗಲೆಲ್ಲ ಅವಳನ್ನು ವೇದಿಕೆಗೆ ಕರೆದು, ತಾಯಿ ಏನು ಕೆಲಸ ಮಾಡುತ್ತಾಳೆ ಎಂದು ಹೇಳಿಸಿದಿರಿ, ಚಪ್ಪಾಳೆ ಹೊಡೆಸಿದಿರಿ. ಅದೇ ಕಾವೇರಿಗೆ ತರಗತಿಯಲ್ಲಿ ಬೇರೆ ಪಾಠ. ಅಲ್ಲಿ ಒಳ್ಳೆಯ ಬಟ್ಟೆ ಹಾಕಬೇಕು, ಹಿಂದೆ ಮುಂದೆ ನೋಡದೆ ಮಾತಾಡಬೇಕು, ಎಲ್ಲರೂ ಸಮಾನರು ಎಂದು ನಡೆಯಬೇಕು. ಗೆಳತಿಯರು ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ನಕ್ಕು ಸುಮ್ಮನಾಗಬೇಕು. ತರಗತಿಯಲ್ಲಿ ಬಡವಳಾಗಿ ಕಾಣಬಾರದು, ಕಚೇರಿಯಲ್ಲಿ ಬಡವಳಾಗಿಯೇ ಕಾಣಬೇಕು. ಈ ಎರಡನ್ನೂ ನನ್ನ ಮಗಳು ಕಲಿತಳು. ನಾನು ಕಲಿಯಲಿಲ್ಲ. ತಪ್ಪಾದದ್ದು ಅಲ್ಲಿಯೇ.

ಮನೆ ನೋಡಲು ನಾಳೆ ಬರುತ್ತೇವೆ ಎಂದು ನಿಮ್ಮವರು ಶ್ರಾವಣದಲ್ಲಿ ಫೋನು ಮಾಡಿದರು. ಮರುದಿನ ರೊಟ್ಟಿ ಪಂಚಮಿ. ಆ ದಿನ ನಮ್ಮ ಕಡೆ ಮನೆಮನೆಗೂ ರೊಟ್ಟಿ, ಪಲ್ಯ, ಚಟ್ನಿ ಕೊಟ್ಟು ತರುತ್ತಾರೆ. ಯಜಮಾನರು ಹೋಗಿ ವರ್ಷ ತುಂಬಿರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ನಾನು ಒಂದು ರೊಟ್ಟಿಯನ್ನೂ ತಟ್ಟಲಿಲ್ಲ. ಹಬ್ಬವಿಲ್ಲದ ಮನೆಯೆಂದೇ ಓಣಿಯ ಎಲ್ಲರೂ ಕೊಟ್ಟು ಹೋದರು. ಎದುರು ಮನೆಯ ಗೌರಕ್ಕ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಳು. ಮಡಿಕಿಕಾಳಿನ ಪಲ್ಯ, ಬದನೆಯ ಎಣ್ಣಿಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಎಲ್ಲ ಬಂತು. ಪಕ್ಕದ ಮನೆಯ ಗೌಸಮೊದ್ದೀನ ಟಂಟಂ ಆಟೋ ಓಡಿಸುತ್ತಾರೆ. ಅವರು ತಮ್ಮ ಮನೆಯ ಎರಡು ಕುರ್ಚಿ, ಒಂದು ಸ್ಟ್ಯಾಂಡ್ ಫ್ಯಾನು ಹೊತ್ತು ತಂದರು.

"ಅಣ್ಣಾ, ಇದೆಲ್ಲಾ ಯಾಕ?" ಎಂದೆ.

"ಮಗಳ ಸಾಲಿ ಸಾಹೇಬ್ರಂದ್ರ ಬೀಗರಿದ್ದಂಗ. ನೆಲದ ಮ್ಯಾಲೆ ಕುಂದರಸ್ತೀಯೇನು? ಆದ್ರ ಫ್ಯಾನು ಮೂರನೇ ನಂಬರಿಗೆ ಮಾತ್ರ ಇಡಬ್ಯಾಡ ತಂಗೀ. ಅವರ ಕಾಗದ ಎಲ್ಲಾ ಹಾರಿ ಸುಳ್ಳಕ್ಕ ಹೋಗ್ತಾವು."

ಯಜಮಾನರು ಹೋದ ಮೇಲೆ ನಾನು ನಕ್ಕಿದ್ದು ಆವತ್ತೇ. ಡೈರಿಯಲ್ಲಿ ಹಾಗೆಂದು ಬರೆದಿದ್ದೇನೆ.

ಕಾವೇರಿ ಹಾಸ್ಟೆಲಿನಲ್ಲಿದ್ದಳು. ನಿಮ್ಮ ಅಧಿಕಾರಿ ಸರಿಯಾಗಿ ಊಟದ ಹೊತ್ತಿಗೆ ಬಂದರು. ಬಂದವರನ್ನು ಹಸಿವಿನಲ್ಲೇ ಕಳಿಸುವುದು ನಮಗೆ ಗೊತ್ತಿಲ್ಲ. ಮನೆಯಲ್ಲಿದ್ದದ್ದನ್ನೆಲ್ಲ ತಾಟಿಗೆ ಹಾಕಿದೆ. "ಇಷ್ಟೆಲ್ಲಾ ಯಾಕ್ರಿ?" ಎಂದರು, ಉಂಡರು. "ಈ ಸಜ್ಜಿ ರೊಟ್ಟಿ ಭಾಳ ಛಲೋ ಅದಾವ್ರಿ," ಎಂದರು, ಇನ್ನೊಂದು ಹಾಕಿದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ನೋಡಿ ಯಾರು ಎಂದು ಕೇಳಿದರು, ಹೇಳಿದೆ. ಓಣಿಯವರೇ ಎಲ್ಲ ಕೊಟ್ಟಿದ್ದಾರೆ ಎಂದೂ ಹೇಳಿದೆ. ಆಮೇಲೆ ಕೇಳಿದರು: "ಮತ್ತ, ಮನೀ ಹೆಂಗ ನಡದೈತ್ರಿ? ಏನರ ತ್ರಾಸ ಐತೇನು?"

"ಏನೂ ಕಡಿಮಿ ಇಲ್ರಿ," ಎಂದೆ.

ಮಾನ್ಯರೇ, ತಾಟಿನಲ್ಲಿ ಕೈಯಿಟ್ಟು ಕೂತವರಿಗೆ ಮನೆಯಲ್ಲಿ ತ್ರಾಸಿದೆ ಎಂದು ಹೇಳಿದರೆ ಅವರಿಗೆ ತುತ್ತು ಇಳಿಯುವುದೇ? ನಿಮ್ಮ ತಾಯಿ ಹೇಳುತ್ತಿದ್ದರೇ? ಆ ಅಧಿಕಾರಿಯ ಮಾತು ಧಾರವಾಡದ ಮಾತು. ಅವರ ಮನೆಯಲ್ಲೂ ಆ ದಿನ ರೊಟ್ಟಿ ಬಂದಿರುತ್ತದೆ. ನನ್ನ ಆ ಮಾತಿನ ಅರ್ಥ ಅವರಿಗೆ ಗೊತ್ತಿರಲಿಲ್ಲವೆಂದರೆ ನಾನು ಹೇಗೆ ನಂಬಲಿ?

ವರದಿಯಲ್ಲಿ ಅವರು ಬರೆದದ್ದನ್ನು ಕಾವೇರಿ ಓದಿ ಹೇಳಿದಳು. ಕುರ್ಚಿ ಎರಡು, ಫ್ಯಾನು ಒಂದು. ಕುಟುಂಬವು ಹಬ್ಬವನ್ನು ವಿಜೃಂಭಣೆಯಿಂದ ಆಚರಿಸುತ್ತಿದೆ. ಬಗೆಬಗೆಯ ಖಾದ್ಯಗಳು ಕಂಡುಬಂದವು. ಏನೂ ಕೊರತೆ ಇಲ್ಲವೆಂದು ತಾಯಿಯೇ ಹೇಳಿಕೆ ನೀಡಿದ್ದಾರೆ. ಎಷ್ಟು ಅಚ್ಚುಕಟ್ಟಾದ ಭಾಷೆ! ಒಂದು ಸಂಗತಿ ಮಾತ್ರ ಅದರಲ್ಲಿಲ್ಲ. ಆ ಖಾದ್ಯಗಳನ್ನು ಉಂಡವರು ಯಾರು ಎಂದು ಬರೆದಿಲ್ಲ. ಗೋಡೆಯ ಮೇಲಿನ ಫೋಟೋವನ್ನೂ ಬರೆದಿಲ್ಲ.

ಇವತ್ತು ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತವರು ಒಂದು ದಾರಿ ಹೇಳಿದರು. "ಆವತ್ತು ನಾ ಸುಳ್ಳ ಹೇಳೀನಿ ಅಂತ ಬರದು ಸೈ ಮಾಡಿ ಕೊಡ್ರಿ. ಅರ್ಜಿ ಮುಂದ ಕಳಸ್ತೀನಿ." ನಾನು ಪೆನ್ನು ಹಿಡಿದೆ. ಮಗಳ ಓದಿಗೆ ಸುಳ್ಳುಗಾತಿ ಅನ್ನಿಸಿಕೊಳ್ಳುವುದು ನನಗೇನು ದೊಡ್ಡದಲ್ಲ. ಜೊತೆಗೆ ಬಂದಿದ್ದ ಕಾವೇರಿ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು.

"ನಮ್ಮವ್ವ ಸುಳ್ಳ ಹೇಳಿಲ್ರಿ. ಮನೀಗೆ ಬಂದವ್ರಿಗೆ ಊಟಕ್ಕ ಹಾಕ್ಯಾಳ."

"ಹಂಗಾದ್ರ ಹಾಸ್ಟೆಲ್ ಖಾಲಿ ಮಾಡವಾ. ನೋಟೀಸಿನ್ಯಾಗ ಹೊತ್ತು ಬರದೈತಿ," ಎಂದು ಅವರು ಕಿಟಕಿ ಮುಚ್ಚಿದರು.

ಬಸ್ಸಿನಲ್ಲಿ ಅವಳು ನನ್ನ ಜೊತೆಗೇ ಮನೆಗೆ ಬಂದಳು. ಇಳಿದ ಮೇಲೆ, ನನ್ನ ಮುಖ ನೋಡದೆ ಕೇಳಿದಳು: "ಅವ್ವಾ, ಗೌರಕ್ಕಜ್ಜಿ ಕೊಟ್ಟ ಸಜ್ಜಿ ರೊಟ್ಟಿ ಆವತ್ತ ನನಗೊಂದರ ತಗದಿಟ್ಟಿದ್ದೇನು?"

"ಇಲ್ಲವಾ. ಕಡೀದು ಅವರ ತಾಟಿಗೆ ಹಾಕಿದ್ನಿ."

ನನಗೆ ಬೇಕಾದದ್ದು ದಯೆಯಲ್ಲ. ಆ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ, ಕಾವೇರಿಯ ಓದು ನಿಂತಲ್ಲಿಂದ ಮುಂದುವರಿಸಿ. ಸಂಶಯವಿದ್ದರೆ ಅದೇ ಅಧಿಕಾರಿಯನ್ನು ಮತ್ತೆ ಕಳಿಸಿ. ಫೋನು ಮಾಡದೆ, ಹಬ್ಬವಿಲ್ಲದ ಒಂದು ಮಂಗಳವಾರವೋ ಬುಧವಾರವೋ ಬರಲಿ. ಕುರ್ಚಿ ಇರುವುದಿಲ್ಲ, ಚಾಪೆ ಹಾಸುತ್ತೇನೆ. ಡಬ್ಬಿಗಳ ಮುಚ್ಚಳ ಅವರೇ ತೆಗೆದು ನೋಡಲಿ. ಊಟದ ಹೊತ್ತಾಗಿದ್ದರೆ ಇದ್ದದ್ದರಲ್ಲಿ ಹಾಕುತ್ತೇನೆ, ಅದನ್ನು ಬಿಡಲು ನನಗೆ ಆಗುವುದಿಲ್ಲ. ಆದರೆ ಮನೆ ಹೇಗೆ ನಡೆದಿದೆ ಎಂದು ಈ ಸಲ ಅವರು ಕೈ ತೊಳೆದ ಮೇಲೆ ಕೇಳಲಿ. ಇಷ್ಟೂ ಮಾಡಲಾಗದಿದ್ದರೆ ನಿಮ್ಮ ಪುಸ್ತಿಕೆಯಿಂದ ನನ್ನ ಮಗಳ ಫೋಟೋ ತೆಗೆದುಬಿಡಿ.

ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಅವಳ ಕೋಣೆ ಖಾಲಿಯಾಗಬೇಕು. ಗೌಸಮೊದ್ದೀನ ಅವರ ಟಂಟಂ ಎಂಟಕ್ಕೆ ಹೊರಡುತ್ತದೆ.

ಇಂತಿ,
ಮನೆಗೆ ಬಂದವರಿಗೆ ಬಡತನ ತೋರಿಸಲು ಬಾರದ
ಹುಲಿಗೆವ್ವ, ಕಾವೇರಿಯ ತಾಯಿ
ಧಾರವಾಡ